ಹಿತ್ತಲ ಹೊಂಡಕ್ಕೆ ಏರೇಟರ್: ಕಡಿಮೆ ಖರ್ಚಿನಲ್ಲಿ ಯಾವುದು ಸರಿ?

ಹಿತ್ತಲಲ್ಲೊಂದು ಹೊಂಡ ತೋಡಿಸಿ, ಕಾಟ್ಲಾ, ರೋಹು, ಗೆಂಡೆ ಮರಿ ಬಿಟ್ಟವರು ದಾವಣಗೆರೆ, ಚಿತ್ರದುರ್ಗದ ಕಡೆ ಈಗ ಕಡಿಮೆಯೇನಿಲ್ಲ. 2014ರಲ್ಲಿ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹೊಲದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡ ನೋಡಿ ನೋಡಿ, ಮನೆ ಹಿಂದೆಯೂ ಒಂದು ಇರಲಿ ಎನ್ನುವ ಆಸೆ ಹುಟ್ಟಿದೆ. ಮೀನು ಸ್ವಲ್ಪ ದಪ್ಪಗಾದ ಮೇಲೆ ಏರೇಟರ್, ಅಂದರೆ ನೀರಿಗೆ ಗಾಳಿ ಬೆರೆಸುವ ಯಂತ್ರದ ವಿಚಾರ ಬರುತ್ತದೆ. ಅಂಗಡಿಗೆ ಹೋದರೆ ಮೊದಲ ಪ್ರಶ್ನೆ, ‘ಎಷ್ಟು ಎಚ್‌ಪಿ ಬೇಕು ಸರ್?’

ಎಚ್‌ಪಿ ಆಮೇಲೆ. ಕೊಳ್ಳುವವರು ಮೊದಲು ಕೇಳಬೇಕಾದದ್ದು ಬೇರೆ: ಬೆಳಗಿನ ಜಾವ ನಾಲ್ಕು ಗಂಟೆಗೆ, ಕರೆಂಟು ಹೋಗಿದ್ದರೂ, ಇದು ಓಡುತ್ತದೆಯೇ? ಹೊಂಡದ ಮೀನು ಉಸಿರುಗಟ್ಟಿ ಸಾಯುವುದು ಹೆಚ್ಚಾಗಿ ಆ ಹೊತ್ತಿನಲ್ಲೇ. ಹಗಲು ಪಾಚಿ ಬಿಸಿಲು ಕುಡಿದು ನೀರಿಗೆ ಆಮ್ಲಜನಕ ಬಿಡುತ್ತದೆ. ಕತ್ತಲಾದ ಮೇಲೆ ಅದೇ ಪಾಚಿ, ತಳದ ಕೆಸರು, ಮೀನು ಎಲ್ಲವೂ ಸೇರಿ ಅದನ್ನು ತಿನ್ನುತ್ತವೆ. ಸೂರ್ಯ ಮೂಡುವ ಮುಂಚೆ ನೀರಿನ ಖಜಾನೆ ತಳ ಕಂಡಿರುತ್ತದೆ. ಹಗಲಲ್ಲಿ ಎಷ್ಟೇ ಚೆಂದ ಚಿಮ್ಮಿದರೂ ಈ ಹೊತ್ತಿಗೆ ನಿಂತುಹೋಗುವ ಯಂತ್ರ ಅಲಂಕಾರಕ್ಕೆ ಸರಿ, ಮೀನಿಗಲ್ಲ.

ಒಂದು ಲೆಕ್ಕ ಹಾಕೋಣ. 15 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳದ ಹೊಂಡ ಅಂದುಕೊಳ್ಳಿ. ಸುಮಾರು 17,000 ಲೀಟರ್ ನೀರು. 30 ಡಿಗ್ರಿ ಬಿಸಿಯ ನೀರು ನಮ್ಮ ಬಯಲುಸೀಮೆಯ ಎತ್ತರದಲ್ಲಿ ಲೀಟರಿಗೆ ಹೆಚ್ಚೆಂದರೆ 7 ಮಿಲಿಗ್ರಾಂ ಆಸುಪಾಸು ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. ನೀರು ಬಿಸಿಯಾದಷ್ಟೂ ಹಿಡಿಯುವುದು ಕಡಿಮೆ. ಅಂದರೆ ಇಡೀ ಹೊಂಡದಲ್ಲಿರುವುದು ಸುಮಾರು 120 ಗ್ರಾಂ. ಅರ್ಧ ಕೆಜಿ ತೂಗುವ 60 ಮೀನು ಇದ್ದರೆ ಒಟ್ಟು 30 ಕೆಜಿ. ಕೆಜಿಗೆ ಗಂಟೆಗೆ 300 ಮಿಲಿಗ್ರಾಂ ಎಂದು ಹಿಡಿದರೂ ಗಂಟೆಗೆ 9 ಗ್ರಾಂ ಖರ್ಚು, 12 ಗಂಟೆಯ ರಾತ್ರಿಗೆ 108 ಗ್ರಾಂ. ಪಾಚಿ, ಕೆಸರಿನ ಪಾಲು ಇನ್ನೂ ಸೇರಿಸಿಲ್ಲ. ನೀರಿನ ಮೈಯಿಂದ ತಾನಾಗಿ ಒಂದಿಷ್ಟು ಗಾಳಿ ಇಳಿಯುತ್ತದೆ ನಿಜ, ಆದರೆ ನಾಲ್ಕು ಕಡೆ ಕಾಂಪೌಂಡು ಇರುವ ಹಿತ್ತಲಲ್ಲಿ ಗಾಳಿ ಬೀಸುವುದೇ ಅಷ್ಟಕ್ಕಷ್ಟೆ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಮೀನು ಆರಾಮ, 3ಕ್ಕಿಂತ ಇಳಿದರೆ ಸಂಕಟ, 1ಕ್ಕೆ ಬಂದರೆ ಆಸೆ ಬಿಡಿ.

ಮೀಟರ್ ಇಲ್ಲದೆಯೂ ಇದನ್ನು ಕಣ್ಣಿಂದ ಓದಬಹುದು. ಐದು ಗಂಟೆಗೆ ಟಾರ್ಚ್ ಹಿಡಿದು ಹೊಂಡದ ಹತ್ತಿರ ಹೋಗಿ. ಮೇಲ್ನೀರಿನ ಮೀನಾದ ಕಾಟ್ಲಾ ಮೊದಲು ಬಾಯಿ ತೋರಿಸುತ್ತದೆ. ಅದರಲ್ಲೂ ದೊಡ್ಡವು ಮುಂದೆ. ಬಾಯಿ ನೀರಿನ ಗೆರೆಗೆ ಸರಿಯಾಗಿ ಇಟ್ಟು ಪಚಪಚ ಎನ್ನಿಸುತ್ತಿರುತ್ತವೆ. ಕಾಲು ಸಪ್ಪಳ ಮಾಡಿದಾಗ ಥಟ್ಟನೆ ಮುಳುಗಿದರೆ ಇನ್ನೂ ಹೊತ್ತಿದೆ. ಚಪ್ಪಾಳೆ ತಟ್ಟಿದರೂ ಅಲ್ಲೇ ನಿಂತಿದ್ದರೆ ತಡವಾಗಿದೆ. ಬಸವನಹುಳು ನೀರು ಬಿಟ್ಟು ದಂಡೆಗೆ ಹತ್ತಿದ್ದರೆ ಅದೂ ಒಂದು ಗುರುತು. ಗೆಂಡೆ ಸ್ವಲ್ಪ ತಡೆಯುತ್ತದೆ. ಕೊರವ ಮೇಲೆ ಬಂದು ನೇರ ಗಾಳಿಯನ್ನೇ ಕುಡಿಯುವ ಜಾತಿ, ಅದನ್ನು ನೋಡಿ ಹೊಂಡದ ಸ್ಥಿತಿ ಅಳೆಯಲು ಹೋಗಬೇಡಿ.

ಕಾಸು ಬಿಚ್ಚುವ ಮುಂಚೆ

ಮೇಲಿನ 60 ಮೀನನ್ನು 25ಕ್ಕೆ ಇಳಿಸಿದರೆ ಎಷ್ಟೋ ಹಿತ್ತಲಿಗೆ ಯಂತ್ರವೇ ಬೇಡ. ಯಾರೂ ಮಾರದ, ಎಲ್ಲಕ್ಕಿಂತ ಅಗ್ಗದ ಏರೇಟರ್ ಅದು. ಎರಡನೆಯದು ಮೇವು. ಚಳ್ಳಕೆರೆ ಕಡೆಯ ಶೇಂಗಾ ಹಿಂಡಿ, ಅಕ್ಕಿ ಗಿರಣಿಯ ತೌಡು ಎರಡೂ ಒಳ್ಳೆಯ ಮೇವೇ; ಆದರೆ ತಿಂದು ಉಳಿದದ್ದು ತಳದಲ್ಲಿ ಕೊಳೆಯುತ್ತಾ ರಾತ್ರಿಯೆಲ್ಲ ಆಮ್ಲಜನಕ ತಿನ್ನುತ್ತದೆ. ಮೇವು ಬೆಳಗ್ಗೆ ಹತ್ತರ ಮೇಲೆ ಹಾಕಿ, ಸಂಜೆಗೆ ಬೇಡ. ದಾವಣಗೆರೆಯಲ್ಲಿ ಇನ್ನೊಂದು ಕಾಟವಿದೆ: ಮನೆಗೆ ಬಂದ ನೆಂಟರೆಲ್ಲ ಮಂಡಕ್ಕಿ ಎರಚುತ್ತಾರೆ. ಮಕ್ಕಳಿಗೆ ಖುಷಿಯೇ, ಮೀನೂ ತಿನ್ನುತ್ತದೆ. ಸೇರುಗಟ್ಟಲೆ ಬಿದ್ದರೆ ಮಾತ್ರ ಮಾರನೇ ದಿನ ನೀರು ನಾರುತ್ತದೆ. ನೀರಿನ ಮೇಲೆ ಅಜೋಲಾ ಹಾಸಿಕೊಂಡಿದ್ದರೆ ಮುಕ್ಕಾಲು ಭಾಗ ತೆಗೆಯಿರಿ. ಹುಣಸೆ, ಬೇವಿನ ಎಲೆ ಉದುರುವ ಕಡೆ ಬಲೆ ಕಟ್ಟಿ.

ಬೋರ್‌ವೆಲ್ ನೀರು ಬಿಡುವವರಿಗೆ ಒಂದು ಮಾತು. ನಮ್ಮ ಕಡೆಯ ಆಳದ ಬೋರಿನ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ ಇರುತ್ತದೆ. ಪೈಪನ್ನು ನೀರೊಳಗೆ ಮುಳುಗಿಸಿ ತುಂಬಿಸಿದರೆ ಉಸಿರಿಲ್ಲದ ನೀರಿಗೆ ಉಸಿರಿಲ್ಲದ ನೀರು ಸೇರಿಸಿದ ಹಾಗೆ. ಪೈಪಿನ ಬಾಯನ್ನು ಮೂರು ಅಡಿ ಮೇಲೆತ್ತಿ, ತೂತು ಹೊಡೆದ ಹಳೇ ಪ್ಲಾಸ್ಟಿಕ್ ಬುಟ್ಟಿಯ ಮೇಲೆ ಬೀಳಿಸಿ. ಹನಿಹನಿಯಾಗಿ ಬಿದ್ದ ನೀರು ಗಾಳಿ ಹೊತ್ತುಕೊಂಡೇ ಇಳಿಯುತ್ತದೆ.

ಕರೆಂಟು ಯಾವ ಲೈನಿನದು?

ಬೆಲೆಗಿಂತ ಮೊದಲು ಇದನ್ನು ತೀರ್ಮಾನ ಮಾಡಿಕೊಳ್ಳಿ. ಎರಡೂ ಜಿಲ್ಲೆ ಬೆಸ್ಕಾಂ ವ್ಯಾಪ್ತಿಯವು. ನಿರಂತರ ಜ್ಯೋತಿ ಲೈನ್ ಇರುವ ಹಳ್ಳಿಯಲ್ಲಿ ಮನೆಗೆ ರಾತ್ರಿಯೂ ಕರೆಂಟಿರುತ್ತದೆ. ಪಂಪ್‌ಸೆಟ್ಟಿನ ತ್ರೀಫೇಸ್ ಹಾಗಲ್ಲ, ದಿನಕ್ಕೆ ಏಳು ಗಂಟೆಯ ಲೆಕ್ಕ, ಅದೂ ಪಾಳಿಯಲ್ಲಿ. ಹಗಲು ಪಾಳಿ ಬಂದ ವಾರ, ತ್ರೀಫೇಸ್ ಮೋಟಾರಿಗೆ ಕಟ್ಟಿದ ಯಾವ ಏರೇಟರೂ ಜಾವಕ್ಕೆ ಓಡುವುದಿಲ್ಲ. ಆದ್ದರಿಂದ ಹಿತ್ತಲ ಹೊಂಡದ ಯಂತ್ರ ಮನೆಯ ಸಿಂಗಲ್ ಫೇಸಿನಲ್ಲೇ ಇರಲಿ, ಸಾಧ್ಯವಾದರೆ ಯುಪಿಎಸ್ ಲೈನಿನಲ್ಲಿ.

ಮನೆ ಲೈನ್ ಎಂದ ಕೂಡಲೇ ಗೃಹಜ್ಯೋತಿ ನೆನಪಾಗುತ್ತದೆ. 2023ರಲ್ಲಿ ಬಂದ ಆ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಬಿಟ್ಟಿ ಅಲ್ಲ. ನಿಮ್ಮ ಹಿಂದಿನ ಸರಾಸರಿ ಬಳಕೆಯ ಮೇಲೆ ಒಂದು ಸಣ್ಣ ಹೆಚ್ಚಳ, ಸಾಮಾನ್ಯವಾಗಿ ಶೇ. 10, ಅಷ್ಟರವರೆಗೆ ಮಾತ್ರ. ಅದನ್ನು ದಾಟಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು. ಈಗ ನೋಡಿ: 40 ವಾಟಿನ ಪಂಪ್ ರಾತ್ರಿ 10 ಗಂಟೆ ಓಡಿದರೆ ತಿಂಗಳಿಗೆ 12 ಯೂನಿಟ್. ಅರ್ಧ ಎಚ್‌ಪಿ ಮೋಟಾರ್ ಸುಮಾರು 500 ವಾಟ್ ಎಳೆಯುತ್ತದೆ. ಅದು ದಿನಕ್ಕೆ ನಾಲ್ಕೇ ಗಂಟೆ ಓಡಿದರೂ 60 ಯೂನಿಟ್. ತಿಂಗಳಿಗೆ 170 ಯೂನಿಟ್ ಸುಡುವ ಮನೆಗೆ ಮೊದಲನೆಯದು ಗೊತ್ತೇ ಆಗುವುದಿಲ್ಲ, ಎರಡನೆಯದು ಗೆರೆ ದಾಟಿಸಿಬಿಡುತ್ತದೆ.

ಗಾಳಿ ಪಂಪ್ ಮತ್ತು ಏರ್‌ಸ್ಟೋನ್

ಹಿತ್ತಲ ಹೊಂಡಕ್ಕೆ ನನ್ನ ಮೊದಲ ಆಯ್ಕೆ ಇದೇ. ಪಂಪ್ ಪೈಪಿನಲ್ಲಿ ಗಾಳಿ ತಳ್ಳುತ್ತದೆ; ಪೈಪಿನ ತುದಿಗೆ ಸಿಕ್ಕಿಸಿದ ತೂತುತೂತಿನ ಕಲ್ಲು, ಅಂದರೆ ಏರ್‌ಸ್ಟೋನ್, ಅದನ್ನು ಸಣ್ಣ ಗುಳ್ಳೆ ಮಾಡಿ ನೀರಿಗೆ ಬಿಡುತ್ತದೆ. ಗಾಜಿನ ತೊಟ್ಟಿಗೆ ಹಾಕುವ 300–500 ರೂಪಾಯಿಯ ಪುಟ್ಟ ಪಂಪಲ್ಲ. ಅದು ಸಿಮೆಂಟ್ ತೊಟ್ಟಿಯ ಗಪ್ಪಿಗೆ ಸಾಕು, 17,000 ಲೀಟರಿಗೆ ಏನೂ ಅಲ್ಲ. ಬೇಕಾದದ್ದು ಅಲ್ಯೂಮಿನಿಯಂ ಮೈಯ, ಮುಂದೆ ಏಳೆಂಟು ಹಿತ್ತಾಳೆ ಮೂತಿಗಳಿರುವ ಎಲೆಕ್ಟ್ರೋಮ್ಯಾಗ್ನೆಟಿಕ್ ಪಂಪ್. ಸಾಮರ್ಥ್ಯ, ಕಂಪನಿ ನೋಡಿ ಸುಮಾರು 2,500ರಿಂದ 5,000 ರೂಪಾಯಿ.

ಡಬ್ಬದ ಮೇಲೆ ಮೂರು ಸಂಖ್ಯೆ ಇರುತ್ತವೆ. ವಾಟ್ ಎಲ್ಲರೂ ನೋಡುತ್ತಾರೆ. ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಎನ್ನುವುದನ್ನು ಕೆಲವರು ನೋಡುತ್ತಾರೆ. ಮೂರನೆಯದು ಒತ್ತಡ, ಎಂಪಿಎ (ಮೆಗಾಪಾಸ್ಕಲ್) ಲೆಕ್ಕದಲ್ಲಿ ಬರೆದಿರುತ್ತದೆ; ಮೋಸ ಹೋಗುವುದು ಇಲ್ಲೇ. 1 ಮೀಟರ್ ನೀರು ಎಂದರೆ ಸುಮಾರು 0.01 ಎಂಪಿಎ ಒತ್ತಡ. ಡಬ್ಬದಲ್ಲಿ 0.03 ಎಂದಿದ್ದರೆ 3 ಮೀಟರ್ ಆಳಕ್ಕೆ ಗಾಳಿ ತಳ್ಳುತ್ತದೆ ಅಂತ ಅಂಗಡಿಯವರು ಹೇಳಬಹುದು. ಆ ಆಳದಲ್ಲಿ ಪಂಪ್ ಸೋತು ನಿಲ್ಲುತ್ತದೆ, ಗುಳ್ಳೆ ಬರುವುದಿಲ್ಲ ಎಂಬುದು ಅದರ ನಿಜವಾದ ಅರ್ಥ. ನಿಮಿಷಕ್ಕೆ 40 ಲೀಟರ್ ಎಂದು ದೊಡ್ಡದಾಗಿ ಬರೆದಿರುವುದು ನೀರೇ ಇಲ್ಲದಾಗಿನ ಮಾತು. ಡಬ್ಬದ ಒತ್ತಡದ ಮೂರನೇ ಒಂದು ಭಾಗಕ್ಕೆ ತಕ್ಕ ಆಳದಲ್ಲಿ ಕಲ್ಲು ಇಡಿ. 0.03ರ ಪಂಪಿಗೆ ಮೂರರಿಂದ ಮೂರೂವರೆ ಅಡಿ. 10 ಅಡಿ ಆಳದ ಕೃಷಿ ಹೊಂಡದ ತಳಕ್ಕೆ ಇಂಥ ಪಂಪಿನ ಪೈಪ್ ಬಿಟ್ಟು, ಗುಳ್ಳೆ ಬರಲಿಲ್ಲವೆಂದು ವಾಪಸ್ ಕೊಡುವವರಿದ್ದಾರೆ. ಪಂಪಿನ ತಪ್ಪಲ್ಲ ಅದು.

ಅಷ್ಟು ಆಳದಲ್ಲಿ ಸಣ್ಣ ಗುಳ್ಳೆಯ ಒಳ್ಳೆಯ ಕಲ್ಲಿದ್ದರೆ, ಗಾಳಿಯಲ್ಲಿನ ಆಮ್ಲಜನಕದ ನೂರಕ್ಕೆ ಒಂದೆರಡು ಪಾಲು ಮಾತ್ರ ನೀರಿಗಿಳಿಯುತ್ತದೆ, ಉಳಿದದ್ದು ಮೇಲೆ ಬಂದು ಒಡೆದು ಹೋಗುತ್ತದೆ. ಕೇಳಲು ಬೇಜಾರಾದರೂ, 40 ಲೀಟರಿನ ಪಂಪಿಗೆ ಇದು ಗಂಟೆಗೆ ಹತ್ತು ಗ್ರಾಂ ಆಸುಪಾಸು ಬೀಳುತ್ತದೆ. ನಮ್ಮ 60 ಮೀನಿನ ಖರ್ಚು 9 ಗ್ರಾಂ. ಸರಿಹೋಯಿತಲ್ಲ! ಜೊತೆಗೆ ಮೇಲೇರುವ ಗುಳ್ಳೆ ತಳದ ನೀರನ್ನೂ ಎಳೆದು ತಂದು ಮೇಲಿನ ಗಾಳಿಗೆ ಒಡ್ಡುತ್ತದೆ. ಒಂದೇ ದೊಡ್ಡ ಕಲ್ಲಿಗಿಂತ ಎರಡು ಮೂಲೆಗೆ ಎರಡು ಕಲ್ಲು ಮೇಲು.

ಕಾರಂಜಿ

800ರಿಂದ 1,500 ರೂಪಾಯಿಗೆ 40 ವಾಟಿನ ಸಣ್ಣ ಸಬ್‌ಮರ್ಸಿಬಲ್ ಸಿಗುತ್ತದೆ. ಕೂಲರಿಗೆ ಹಾಕುವ ಪಂಪಿನ ಅಣ್ಣ ಅದು. ನೋಡಲು ಚೆಂದ, ಸೊಳ್ಳೆಯೂ ಕಡಿಮೆ. ಗಂಟೆಗೆ 2,000 ಲೀಟರ್ ಎತ್ತಿ ಚಿಮ್ಮಿಸಿತು ಎಂದರೆ, ಚಿಮ್ಮಿದ ಪ್ರತಿ ಲೀಟರೂ ಹೆಚ್ಚೆಂದರೆ ಎರಡು ಮೂರು ಮಿಲಿಗ್ರಾಂ ಆಮ್ಲಜನಕ ಹೆಚ್ಚಿಗೆ ಹೊತ್ತು ಬೀಳುತ್ತದೆ. ಗಂಟೆಗೆ 4ರಿಂದ 6 ಗ್ರಾಂ. ಅದೇ ಕರೆಂಟಿಗೆ ಗಾಳಿ ಪಂಪಿನ ಅರ್ಧದಷ್ಟು. ಮೀನು ಕಡಿಮೆಯಿದ್ದು, ಮನೆ ಮುಂದೆ ಶೋಭೆಯೂ ಬೇಕೆನ್ನುವವರಿಗೆ ಇದೇ ಸಾಕು.

ದಾವಣಗೆರೆ, ಹರಿಹರ, ಚನ್ನಗಿರಿಯ ಭದ್ರಾ ನಾಲೆ ಸೀಮೆಯಲ್ಲಿ ನೀರಿನ ಚಿಂತೆ ಅಷ್ಟಿಲ್ಲ. ಆದರೆ ಚಳ್ಳಕೆರೆ, ಹಿರಿಯೂರಿನ ಬೇಸಿಗೆಯ ಬಿಸಿಗಾಳಿಗೆ ನೀರನ್ನು ಹನಿ ಮಾಡಿ ಎರಚುವುದೆಂದರೆ ಬೋರಿನ ನೀರನ್ನು ಆಕಾಶಕ್ಕೆ ದಾನ ಕೊಟ್ಟ ಹಾಗೆ. ಅಲ್ಲಿ ಕಾರಂಜಿಗೆ ನನ್ನ ಮತವಿಲ್ಲ. ತೀರಾ ಬೇಕಿದ್ದರೆ ರಾತ್ರಿ ಮಾತ್ರ ಓಡಿಸಿ, ಮೂತಿ ತೆಗೆದು ಗೇಣೆತ್ತರ ದಪ್ಪಗೆ ಉಕ್ಕುವಂತೆ ಇಡಿ.

ಇನ್ನೊಂದು ಎಚ್ಚರಿಕೆ: ಕಾರಂಜಿಯಲ್ಲಿ 230 ವೋಲ್ಟಿನ ವೈರ್ ನೀರೊಳಗೇ ಇರುತ್ತದೆ. ಗಾಳಿ ಪಂಪ್ ದಂಡೆಯ ಮೇಲಿರುತ್ತದೆ, ನೀರಿಗಿಳಿಯುವುದು ಗಾಳಿಯ ಪೈಪ್ ಮಾತ್ರ. ಮಕ್ಕಳು ಓಡಾಡುವ ಹಿತ್ತಲಿಗೆ ಇದೊಂದೇ ಕಾರಣ ಸಾಕು. ಯಾವುದೇ ಹಾಕಿದರೂ ಸರಿಯಾದ ಅರ್ಥಿಂಗ್ ಇರಲಿ, ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಹಾಕಿಸಿ.

ವೆಂಚುರಿ

ದಾಳಿಂಬೆ, ಅಡಿಕೆಗೆ ಡ್ರಿಪ್ ಮಾಡಿಸಿದವರ ಮನೆಯಲ್ಲಿ ಗೊಬ್ಬರ ಎಳೆಯುವ ವೆಂಚುರಿ ಹೇಗೂ ಇರುತ್ತದೆ. ಪೈಪಿನ ನಡು ಸಣ್ಣದಾದ ಕಡೆ ನೀರಿನ ವೇಗ ಹೆಚ್ಚಿ ಒತ್ತಡ ಕುಸಿಯುತ್ತದೆ, ಅಲ್ಲಿರುವ ತೂತು ಹೊರಗಿನದನ್ನು ಒಳಗೆಳೆಯುತ್ತದೆ. ಗೊಬ್ಬರದ ನೀರಿನ ಬದಲು ಬರೀ ಗಾಳಿಗೆ ತೆರೆದಿಟ್ಟರೆ ಗಾಳಿ ಎಳೆಯುತ್ತದೆ, ನೀರಿನ ಜೊತೆ ಹಾಲಿನಂಥ ಸಣ್ಣ ಗುಳ್ಳೆ ಬರುತ್ತದೆ. ಹೊಸದು ಕೊಂಡರೂ ಸಾವಿರ ರೂಪಾಯಿ ಆಸುಪಾಸು. ಅಗ್ಗ ಎಂದು ಎಲ್ಲರೂ ಇದನ್ನೇ ಹೇಳುತ್ತಾರೆ.

ಒಳಬರುವ ಒತ್ತಡಕ್ಕೂ ಹೊರಹೋಗುವ ಒತ್ತಡಕ್ಕೂ ಒಳ್ಳೆಯ ಅಂತರವಿದ್ದರೆ ಮಾತ್ರ ಅದು ಎಳೆಯುವುದು. 40 ವಾಟಿನ ಕಾರಂಜಿ ಪಂಪಿಗೆ ಕಟ್ಟಿದರೆ ಸುಮ್ಮನೆ ನೀರು ಹರಿಯುತ್ತದೆ, ಗಾಳಿಯಿಲ್ಲ. ಅರ್ಧ ಎಚ್‌ಪಿ ಮೋಟಾರಾದರೂ ಬೇಕು, ಅಂದರೆ ಮೇಲೆ ಹೇಳಿದ 60 ಯೂನಿಟ್. ಹಾಗಾಗಿ ವೆಂಚುರಿ ಹೊಂದುವುದು ಒಂದು ಸಂದರ್ಭಕ್ಕೆ: ಹೊಂಡದ ನೀರನ್ನೇ ದಿನಾ ತೋಟಕ್ಕೆ ಹೊಡೆಯುತ್ತೀರಿ, ಮೋಟಾರ್ ಹೇಗೂ ಓಡುತ್ತದೆ, ಆ ಪೈಪಿನಿಂದ ಒಂದು ಕವಲು ತೆಗೆದು ಹೊಂಡಕ್ಕೇ ಮರಳಿ ಬಿಡಬಹುದು ಎನ್ನುವವರಿಗೆ. ಜಾವಕ್ಕೆ ಕರೆಂಟಿನ ಪಾಳಿ ಇದ್ದರೆ ಇನ್ನೂ ಒಳ್ಳೆಯದು. ಗೊಬ್ಬರ ಎಳೆದ ವೆಂಚುರಿಯನ್ನೇ ತಂದು ಹಾಕಬೇಡಿ. ಯೂರಿಯಾ, ಔಷಧಿಯ ಪಸೆ ಮೀನಿಗೆ ಆಗದು.

ಸೋಲಾರ್, ಚಕ್ರ, ಬ್ಲೋವರ್

ಆನ್‌ಲೈನಿನಲ್ಲಿ ಸಿಗುವ ತೇಲುವ ಸೋಲಾರ್ ಕಾರಂಜಿ ಆಟದ ಸಾಮಾನು. ಬಿಸಿಲಿದ್ದಾಗ, ಅಂದರೆ ಪಾಚಿಯೇ ಆಮ್ಲಜನಕ ಕೊಡುವಾಗ ಓಡಿ, ಸಂಜೆಗೆ ಮಲಗುತ್ತದೆ. ಬ್ಯಾಟರಿ ಸೇರಿಸಿದರೆ? 40 ವಾಟ್ ರಾತ್ರಿ 10 ಗಂಟೆ ಓಡಲು 400 ವಾಟ್‌ಅವರ್ ಬೇಕು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು, ಹಾಗಾಗಿ 12 ವೋಲ್ಟಿನ 80 ಎಎಚ್ ಬ್ಯಾಟರಿ, ಅದನ್ನು ತುಂಬಲು 150 ವಾಟಿನ ಪ್ಯಾನಲ್, ಕಂಟ್ರೋಲರ್. ಹತ್ತು ಸಾವಿರ ಸುಲಭವಾಗಿ ದಾಟುತ್ತದೆ. ಆಷಾಢದಲ್ಲಿ ನಾಲ್ಕು ದಿನ ಮೋಡ ಮುಚ್ಚಿದಾಗ ಪಾಚಿಯೂ ಕೈಕೊಡುತ್ತದೆ, ಅದೇ ದಿನ ಪ್ಯಾನಲ್ಲೂ ಕೈಕೊಡುತ್ತದೆ. ಕರೆಂಟೇ ಇಲ್ಲದ ಹೊಲಕ್ಕೆ ಬೇರೆ ದಾರಿಯಿಲ್ಲ. ಮನೆ ಹಿತ್ತಲಿಗೆ ಬೇಡ. ದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರ ನೋಡಿ, ನಾವೂ ಒಂದು ಸಣ್ಣದು ಕಟ್ಟೋಣವೇ ಎನ್ನುವವರಿಗೂ ಅದೇ ಉತ್ತರ: ಗುಡ್ಡದ ನೆತ್ತಿಯ ಗಾಳಿ ನಿಮ್ಮ ಕಾಂಪೌಂಡಿನೊಳಗಿಲ್ಲ.

ನೀರಿನ ಮೇಲೆ ತಿರುಗುತ್ತಾ ನೀರು ಬಡಿಯುವ ಚಕ್ರದ ಏರೇಟರ್ ಬಗ್ಗೆ ಮಾರುವವರು ಹೇಳುವುದು ಸುಳ್ಳಲ್ಲ. 20 ಡಿಗ್ರಿಯ ಶುದ್ಧ ನೀರಿನ ಪರೀಕ್ಷೆಯಲ್ಲಿ ಯೂನಿಟ್ ಕರೆಂಟಿಗೆ ಎರಡು ಕೆಜಿಯಷ್ಟು ಆಮ್ಲಜನಕ ಬೆರೆಸುತ್ತದೆ. ಗುಳ್ಳೆ ಪದ್ಧತಿಯದು ಅದರ ಅರ್ಧವೂ ಇಲ್ಲ. ಆದರೆ ಅದು ಸೀಗಡಿ ಕೆರೆಯ ಯಂತ್ರ. ನಿಮಗೆ ಬೇಕಿರುವುದು ಗಂಟೆಗೆ ಹತ್ತಿಪ್ಪತ್ತು ಗ್ರಾಂ, ಕೆಜಿಗಟ್ಟಲೆ ಅಲ್ಲ. 150 ಚದರಡಿಯಲ್ಲಿ ಒಂದು ಎಚ್‌ಪಿ ಚಕ್ರ ತಿರುಗಿದರೆ ದಂಡೆಯ ಮಣ್ಣೆಲ್ಲ ಕದಡಿ ಹೊಂಡ ರಾಗಿ ಅಂಬಲಿಯಾಗುತ್ತದೆ. ಜೋರಾಗಿ ಗಾಳಿ ಊದುವ ರಿಂಗ್ ಬ್ಲೋವರ್ ಬಯೋಫ್ಲಾಕ್ ತೊಟ್ಟಿ, ಅಂದರೆ ನೀರಿನಲ್ಲಿ ಸೂಕ್ಷ್ಮಾಣು ಬೆಳೆಸಿ ಒತ್ತೊತ್ತಾಗಿ ಮೀನು ಸಾಕುವ ತೊಟ್ಟಿ ಇಟ್ಟವರಿಗೆ. ಅದರ ಸದ್ದಿಗೆ ಪಕ್ಕದ ಮನೆಯವರು ಮೂರನೇ ದಿನ ಬಾಗಿಲು ತಟ್ಟುತ್ತಾರೆ.

ಹಾಗಾದರೆ ಯಾರಿಗೆ ಯಾವುದು

ಮನೆಯಲ್ಲಿ ಯುಪಿಎಸ್ ಇದ್ದು, ಹೊಂಡ ಐದಡಿಗಿಂತ ಕಡಿಮೆ ಆಳವಿದ್ದರೆ ಗಾಳಿ ಪಂಪ್ ಕೊಂಡು ಯುಪಿಎಸ್ ಪ್ಲಗ್ಗಿಗೆ ಹಾಕಿ. 150 ಎಎಚ್ ಬ್ಯಾಟರಿ ಚೆನ್ನಾಗಿದ್ದರೆ ಇಂಥ ಪಂಪನ್ನು ಕರೆಂಟಿಲ್ಲದೆ ರಾತ್ರಿಯಿಡೀ ನಡೆಸುತ್ತದೆ. ಯುಪಿಎಸ್ ಇಲ್ಲದವರು ಗಾಳಿ ಪಂಪಿನ ಜೊತೆಗೆ, ಕರೆಂಟು ಹೋದಾಗ ತಾನೇ ಚಾಲೂ ಆಗುವ ಬ್ಯಾಟರಿ ಪಂಪ್ ಒಂದನ್ನು ಇಟ್ಟುಕೊಳ್ಳಿ; ಅದು ಇಡೀ ಹೊಂಡ ಸಾಕುವುದಿಲ್ಲ, ಆದರೆ ಕಲ್ಲಿನ ಸುತ್ತ ಮೀನು ಗುಂಪುಗೂಡಿ ಒಂದೆರಡು ಗಂಟೆ ತಳ್ಳುತ್ತವೆ. ಹತ್ತಡಿಯ ಕೃಷಿ ಹೊಂಡವಾದರೆ ತಳ ಮುಟ್ಟುವ ಹಟ ಬಿಟ್ಟು, ತೇಲುವ ಕ್ಯಾನಿಗೆ ಕಟ್ಟಿ ಮೂರಡಿ ಕೆಳಗೆ ಕಲ್ಲು ನೇತುಹಾಕಿ. ಮೀನು ಮೇಲಿನ ನೀರಿನಲ್ಲಿ ಬದುಕಿಕೊಳ್ಳುತ್ತವೆ. ಹಾಳೆ ಹಾಸಿದ ಹೊಂಡದಲ್ಲಿ ಚೂಪು ಅಂಚಿನ ಕಲ್ಲು, ಕಬ್ಬಿಣದ ಭಾರ ಇಳಿಸಬೇಡಿ.

ಕೂರಿಸುವಾಗ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ. ಕೆಳಗಿದ್ದರೆ ಕರೆಂಟು ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಬಂದು ಪಂಪಿಗೇ ಇಳಿಯುತ್ತದೆ. ಜಾಗ ಇಲ್ಲದಿದ್ದರೆ ಇಪ್ಪತ್ತು ರೂಪಾಯಿಯ ಚೆಕ್‌ವಾಲ್ವ್ ಹಾಕಿ. ಕೆಳಗೆ ದಪ್ಪ ಫೋಮ್ ತುಂಡು ಕೊಟ್ಟರೆ ಗುಂಯ್ ಸದ್ದು ಅರ್ಧಕ್ಕರ್ಧ ಇಳಿಯುತ್ತದೆ. ಮೇಲೊಂದು ನೆರಳು ಬೇಕು, ಆದರೆ ಡಬ್ಬದೊಳಗೆ ಮುಚ್ಚಿಡಬಾರದು. ಏಪ್ರಿಲ್ ಬಿಸಿಲಿಗೆ ಸುಟ್ಟೇ ಹೋಗುತ್ತದೆ.

ತಳದಲ್ಲಿ ಕಪ್ಪು ಕೆಸರು ಕೂತಿರುವ ಹಳೇ ಹೊಂಡದಲ್ಲಿ ಮೊದಲ ದಿನವೇ ರಾತ್ರಿಪೂರ್ತಿ ಓಡಿಸಬೇಡಿ. ಕೊಳೆತ ಮೊಟ್ಟೆ ವಾಸನೆಯ ತಳದ ನೀರು ಒಮ್ಮೆಲೇ ಮೇಲೆ ಬಂದರೆ, ಮೀನು ಉಳಿಸಲು ತಂದ ಯಂತ್ರವೇ ಮೀನು ಕೊಲ್ಲುತ್ತದೆ. ಹಗಲು ಅರ್ಧ ಗಂಟೆಯಿಂದ ಶುರುಮಾಡಿ, ದಿನಾ ಸ್ವಲ್ಪ ಹೆಚ್ಚಿಸುತ್ತಾ ವಾರದಲ್ಲಿ ಪೂರ್ತಿಗೆ ಬನ್ನಿ. ಆಮೇಲೆ ರಾತ್ರಿ ಎಂಟರಿಂದ ಬೆಳಗ್ಗೆ ಆರರವರೆಗೆ ಓಡಿದರೆ ಸಾಕು. ಟೈಮರ್ ಹಾಕಿದರೆ ಮರೆಯುವ ಮಾತಿಲ್ಲ. ಮೋಡದ ದಿನಗಳಲ್ಲಿ ಹಗಲೂ ಓಡಲಿ, ಮೇವು ನಿಲ್ಲಿಸಿ.

ಮೀನು ಬಾಯಿ ಬಿಡುತ್ತಿರುವಾಗಲೇ ಪಂಪ್ ಕೆಟ್ಟಿತೆಂದರೆ ಬಕೆಟ್ಟಿನಲ್ಲಿ ನೀರು ಮೊಗೆದು ಎತ್ತರದಿಂದ ಸುರಿಯಿರಿ, ಬಿದಿರು ಗಳದಿಂದ ನೀರು ಬಡಿಯಿರಿ, ಬೋರ್ ನೀರನ್ನು ಬುಟ್ಟಿಯ ಮೇಲೆ ಬಿಡಿ. ಮೀನಿನ ಔಷಧಿ ಅಂಗಡಿಯಲ್ಲಿ ಸಿಗುವ ಆಕ್ಸಿಜನ್ ಮಾತ್ರೆ ಸ್ವಲ್ಪ ಇಟ್ಟುಕೊಂಡಿದ್ದರೆ ಒಂದು ಜಾವ ದಾಟಿಸುತ್ತದೆ. ನೀರಿನ ಪರೀಕ್ಷೆ, ಮರಿಗಳ ಸಂಖ್ಯೆ ಬಗ್ಗೆ ಕೇಳಬೇಕಿದ್ದರೆ ದಾವಣಗೆರೆಯವರಿಗೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ದುರ್ಗದವರಿಗೆ ಹಿರಿಯೂರಿನ ಬಬ್ಬೂರು ಫಾರ್ಮಿನ ಕೃಷಿ ವಿಜ್ಞಾನ ಕೇಂದ್ರ, ಎರಡೂ ಜಿಲ್ಲೆಯಲ್ಲಿ ಮೀನುಗಾರಿಕೆ ಇಲಾಖೆಯ ಕಚೇರಿ ಇವೆ.

ಅಂಗಡಿಯಲ್ಲಿ ಬಿಲ್ಲು ಹಾಕಿಸುವ ಮುಂಚೆ ಬಿಡಿಭಾಗ ಕೇಳಿ. ಪಿಸ್ಟನ್ ಮಾದರಿಯಾದರೆ ಸಿಲಿಂಡರ್ ಮತ್ತು ಕಪ್, ಡಯಾಫ್ರಾಮ್ ಮಾದರಿಯಾದರೆ ರಬ್ಬರು; ಸವೆಯುವುದು ಇವೇ. ಬಿಚ್ಚಿ ಹಾಕಲು ಒಂದು ಸ್ಕ್ರೂಡ್ರೈವರ್ ಸಾಕು, ಆದರೆ ಸಾಮಾನು ಬೆಂಗಳೂರಿಂದ ಬರಬೇಕೆಂದರೆ ನಾಲ್ಕು ದಿನ ಹೊಂಡ ಬಾಯಿ ಬಿಟ್ಟುಕೊಂಡಿರುತ್ತದೆ. ಒಂದು ಸೆಟ್ ಪಂಪಿನ ಜೊತೆಗೇ ಕೊಂಡುಬಿಡಿ. ಏರ್‌ಸ್ಟೋನ್ ಕೂಡ ಎರಡು ಹೆಚ್ಚಿಗೆ ತನ್ನಿ. ನಮ್ಮ ಬೋರಿನ ಗಡಸು ನೀರಿಗೆ ತೂತೆಲ್ಲ ಬಿಳಿ ಕಟ್ಟುತ್ತವೆ, ಕಟ್ಟಿದ್ದನ್ನು ಒಂದು ರಾತ್ರಿ ವಿನೆಗರಿನಲ್ಲಿ ನೆನೆಹಾಕಿ ತೊಳೆದು ಬಿಸಿಲಿಗಿಟ್ಟರೆ ಮತ್ತೆ ಬಳಸಬಹುದು.